ಇಚ್ಛಾಪರಿಮಾಣ: ಜೇಮ್ಸ್ ಗೋಲ್ಡ್‌ಸ್ಮಿತ್‌ನ ಬಾಳಿನ ಒಂದು ಅಧ್ಯಯನ

ಉಪವಾಸಕ್ಕೆ ಆದಿಯೂ ಉಂಟು, ಅಂತ್ಯವೂ ಉಂಟು. ಅಷ್ಟಮಿ ಚತುರ್ದಶಿಗಳಂದು ಆಹಾರತ್ಯಾಗ ಮಾಡಿದ ಶ್ರಾವಕನಿಗೆ ಪಾರಣೆಯ ಹೊತ್ತು ಯಾವುದೆಂಬುದು ತಿಳಿದೇ ಇರುತ್ತದೆ. ರಾತ್ರಿಭೋಜನತ್ಯಾಗಕ್ಕೆ ಸೂರ್ಯಾಸ್ತವೇ ಗಡಿ. ಆದರೆ ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣಕ್ಕೆ ಇಂತಹ ಹೊರಗಿನ ಗಡಿಯಾರವಿಲ್ಲ. ಗಳಿಕೆಯು ಸಾಕಾಯಿತೆಂದು ಯಾವ ಸೂರ್ಯನೂ ಮುಳುಗಿ ತಿಳಿಸುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವುದು ಅರ್ಥಪೂರ್ಣವಾಗಿದೆ. ಅಳೆಯಬೇಕಾದದ್ದು ಪೆಟ್ಟಿಗೆಯಲ್ಲಿರುವ ಹಣವನ್ನಷ್ಟೇ ಅಲ್ಲ. ಅದರ ಬೆನ್ನಿಗೆ ನಿಂತಿರುವ ಬಯಕೆಯನ್ನು.

ಬಯಕೆಗೆ ಅಳತೆಯಿಲ್ಲದೆ ಕೆಟ್ಟವರ ಕಥೆಗಳು ಬಹಳ. ಆದರೆ ಅವಿವೇಕಿಯು ಕೆಟ್ಟ ಕಥೆಯಿಂದ ಕಲಿಯುವುದು ಅಲ್ಪ. ಬುದ್ಧಿವಂತನೂ ಧೈರ್ಯಶಾಲಿಯೂ ಆಗಿದ್ದು, ಗೆದ್ದ ಮೇಲೆ ಆಟದಿಂದ ಏಳುವ ಜಾಣ್ಮೆಯನ್ನೂ ಪಡೆದಿದ್ದವನ ಬಾಳು ಹೇಗೆ ಸಾಗಿತೆಂಬುದನ್ನು ನೋಡಿದರೆ ಹೆಚ್ಚು ತಿಳಿವಳಿಕೆಯುಂಟಾಗುತ್ತದೆ. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳಲ್ಲಿ ಹೆಸರಾಗಿದ್ದ ಧನಿಕ, ಕಂಪನಿಗಳ ಮೇಲೆ ದಾಳಿ ನಡೆಸಿ ಅವುಗಳನ್ನು ವಶಪಡಿಸಿಕೊಳ್ಳುವುದರಲ್ಲಿ ನಿಪುಣನಾಗಿದ್ದ ಸರ್ ಜೇಮ್ಸ್ ಗೋಲ್ಡ್‌ಸ್ಮಿತ್‌ನ ಜೀವನವನ್ನು ಇಲ್ಲಿ ಆ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಮೊದಲ ಪಣ

ಗೋಲ್ಡ್‌ಸ್ಮಿತ್ ಜನಿಸಿದ್ದು 1933ರ ಫೆಬ್ರವರಿ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಫ್ರಾಂಕ್ ಗೋಲ್ಡ್‌ಸ್ಮಿತ್, ಜರ್ಮನಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಯೆಹೂದಿ ಮನೆತನದವನು. 1910ರಿಂದ 1918ರವರೆಗೆ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾಗಿದ್ದವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜರ್ಮನ್ ಹೆಸರಿನವರ ಮೇಲೆ ದ್ವೇಷ ಹಬ್ಬಿತು. ಆ ದೇಶಕ್ಕಾಗಿ ಗಲಿಪೊಲಿಯಲ್ಲಿ ಯುದ್ಧ ಮಾಡಿ ಬಂದ ಫ್ರಾಂಕನೂ ಅದಕ್ಕೆ ಗುರಿಯಾಗಿ, ಮನನೊಂದು ಫ್ರಾನ್ಸಿಗೆ ಹೋಗಿ ಹೋಟೆಲು ಉದ್ಯಮದಲ್ಲಿ ತೊಡಗಿದನು. ತಾಯಿ ಮಾರ್ಸೆಲ್ ಫ್ರೆಂಚ್ ಮಹಿಳೆ. 1940ರಲ್ಲಿ ಹಿಟ್ಲರನ ಸೇನೆ ಫ್ರಾನ್ಸನ್ನು ಆಕ್ರಮಿಸಿದಾಗ ಈ ಕುಟುಂಬವು ದೇಶ ಬಿಟ್ಟು ಬಹಾಮಾ ದ್ವೀಪಗಳನ್ನು ಸೇರಿತು.

ಯುದ್ಧಾನಂತರ ಬಾಲಕನನ್ನು ಇಂಗ್ಲೆಂಡಿನ ಪ್ರಸಿದ್ಧ ಈಟನ್ ಶಾಲೆಗೆ ಸೇರಿಸಲಾಯಿತು. ಆತನ ಮನಸ್ಸು ಪಾಠಕ್ಕಿಂತ ಜೂಜಿನ ಕಡೆಗೇ ಒಲಿಯಿತು. 1949ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಲೂಯಿಸ್ ಊರಿನ ಕುದುರೆ ಪಂದ್ಯದಲ್ಲಿ ಮೂರು ಕುದುರೆಗಳ ಮೇಲೆ ಸರಣಿ ಪಣವಾಗಿ 10 ಪೌಂಡು ಕಟ್ಟಿದನು. ಮೂರೂ ಗೆದ್ದವು. ಕೈಗೆ ಬಂದದ್ದು 8,000 ಪೌಂಡು. ಅಷ್ಟು ಹಣವಿರುವವನಿಗೆ ಶಾಲೆಯಲ್ಲೇನು ಕೆಲಸವೆಂದು ಬಗೆದು ಈಟನ್ನಿನಿಂದ ಹೊರಬಂದನು.

ದುಡಿಮೆಯಿಲ್ಲದೆ ಬಂದ ಮೊದಲ ಲಾಭವು ಮನಸ್ಸಿನಲ್ಲಿ ಒಂದು ಗುರುತನ್ನು ಬಿಡುತ್ತದೆ. ಮುಂದೆ ದೊಡ್ಡ ದೊಡ್ಡ ವ್ಯವಹಾರಗಳನ್ನು ನಡೆಸಿದಾಗಲೂ ಗೋಲ್ಡ್‌ಸ್ಮಿತ್‌ನ ರೀತಿಯು ಬಹುಮಟ್ಟಿಗೆ ಆ ದಿನದ ರೀತಿಯೇ ಆಗಿತ್ತು: ಅಲ್ಪ ಬಂಡವಾಳ, ದೊಡ್ಡ ಪಣ, ಗೆದ್ದದ್ದನ್ನೆಲ್ಲ ಮುಂದಿನ ಪಣಕ್ಕೆ ಒಡ್ಡುವುದು.

ವಿಯೋಗ ಮತ್ತು ಒಂದು ಮುಷ್ಕರ

ಇಪ್ಪತ್ತರ ಹರೆಯದಲ್ಲಿ ಆತನು ಇಸಬೆಲ್ ಪಾಟಿನ್ಯೊ ಎಂಬ ಯುವತಿಯನ್ನು ಪ್ರೀತಿಸಿದನು. ಬೊಲಿವಿಯ ದೇಶದ ತವರದ ಗಣಿಗಳಿಂದ ಅಪಾರ ಐಶ್ವರ್ಯ ಗಳಿಸಿದ ಮನೆತನದ ಮಗಳು ಆಕೆ. ತಂದೆಯ ವಿರೋಧವನ್ನು ಲೆಕ್ಕಿಸದೆ ಇಬ್ಬರೂ ಸ್ಕಾಟ್ಲೆಂಡಿಗೆ ಓಡಿಹೋಗಿ 1954ರ ಜನವರಿಯಲ್ಲಿ ವಿವಾಹವಾದರು. ಯೂರೋಪಿನ ಪತ್ರಿಕೆಗಳೆಲ್ಲ ಈ ಸುದ್ದಿಯನ್ನು ಹಾಡಿ ಹೊಗಳಿದವು. ಆದರೆ ಅದೇ ಮೇ ತಿಂಗಳಲ್ಲಿ ಗರ್ಭಿಣಿಯಾಗಿದ್ದ ಇಸಬೆಲ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಳು. ಶಸ್ತ್ರಚಿಕಿತ್ಸೆಯಿಂದ ಹೆಣ್ಣುಮಗು ಮಾತ್ರ ಉಳಿಯಿತು. ಇಪ್ಪತ್ತೊಂದರ ವಯಸ್ಸಿಗೆ ಗೋಲ್ಡ್‌ಸ್ಮಿತ್ ವಿಧುರನೂ ತಂದೆಯೂ ಆಗಿದ್ದನು. ಮೊಮ್ಮಗಳನ್ನು ತಮ್ಮಲ್ಲಿ ಇರಿಸಿಕೊಳ್ಳಬೇಕೆಂದಿದ್ದ ಪಾಟಿನ್ಯೊ ಕುಟುಂಬದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಮಗುವನ್ನು ಪಡೆದುಕೊಂಡನು. ಅಪಾರ ಧನವಿದ್ದ ಎರಡು ಮನೆಗಳೂ ಒಂದು ಜೀವವನ್ನು ಉಳಿಸಿಕೊಳ್ಳಲಾರದೆ ಹೋದ ಈ ಪ್ರಸಂಗವನ್ನು ಓದುವಾಗ, ಆತನ ವಿಷಯದಲ್ಲಿ ಕಠಿಣವಾಗಿ ತೀರ್ಪು ಕೊಡಹೊರಟ ಮನಸ್ಸೂ ಸ್ವಲ್ಪ ಮೃದುವಾಗುತ್ತದೆ.

ದುಃಖವನ್ನು ಆತನು ವ್ಯಾಪಾರದಲ್ಲಿ ಮುಳುಗಿಸಿದನು. ಫ್ರಾನ್ಸಿನಲ್ಲಿ ಔಷಧಿಗಳ ಉದ್ಯಮವನ್ನು ಬೆಳೆಸಿದನು. ಬೆಳೆಸಿದ್ದು ಸಾಲದಿಂದ. 1957ರ ಜುಲೈ 10ರಂದು ತೀರಿಸಬೇಕಾಗಿದ್ದ ಹುಂಡಿಗಳಿಗೆ ಕೈಯಲ್ಲಿ ಹಣವಿರಲಿಲ್ಲ. ದಿವಾಳಿಯ ಸುದ್ದಿಯನ್ನೇ ನಿರೀಕ್ಷಿಸುತ್ತ ಆ ದಿನ ಬೆಳಗ್ಗೆ ಹೊರಬಿದ್ದಾಗ, ಪತ್ರಿಕೆಯಲ್ಲಿ ಕಂಡದ್ದು ಫ್ರಾನ್ಸಿನ ಬ್ಯಾಂಕುಗಳ ಮುಷ್ಕರದ ಸುದ್ದಿ. ಬ್ಯಾಂಕುಗಳೇ ಬಾಗಿಲು ಹಾಕಿದ್ದರಿಂದ ಹುಂಡಿಗಳನ್ನು ಹಾಜರುಪಡಿಸುವಂತಿರಲಿಲ್ಲ. ಆ ಬಿಡುವಿನಲ್ಲಿ ತನ್ನ ಉದ್ಯಮವನ್ನು ಬೇರೊಂದು ಔಷಧಿ ಸಂಸ್ಥೆಗೆ ಮಾರಿ ಸಾಲದಿಂದ ಪಾರಾದನು.

ಇಂತಹ ಗಳಿಗೆಯು ಪ್ರತಿಯೊಬ್ಬ ವರ್ತಕನ ಬಾಳಿನಲ್ಲಿಯೂ ಒಮ್ಮೆಯಾದರೂ ಬರುತ್ತದೆ. ಅದರಿಂದ ಎರಡು ಪಾಠಗಳನ್ನು ಕಲಿಯಬಹುದು. ಸಾಲದ ಮೇಲೆ ನಿಂತ ಬಯಕೆಯು ಅಪಾಯಕರವೆಂಬುದು ಒಂದು. ದೈವವು ತನ್ನ ಕಡೆಗಿದೆ, ಮುಂದಿನ ಸಲ ಇನ್ನೂ ಜಾಣ್ಮೆಯಿಂದ ಆಡಬೇಕೆಂಬುದು ಇನ್ನೊಂದು. ಗೋಲ್ಡ್‌ಸ್ಮಿತ್‌ನ ಮುಂದಿನ ನಡೆಯು ಎರಡನೆಯ ದಾರಿಯಲ್ಲಿಯೇ ಸಾಗಿತು.

ಇಡಿಯನ್ನು ಕೊಂಡು ಬಿಡಿಯಾಗಿ ಮಾರುವುದು

1960ರ ದಶಕದಲ್ಲಿ ಆತನು ಇಂಗ್ಲೆಂಡಿನ ಸಣ್ಣಪುಟ್ಟ ಆಹಾರ ಸಂಸ್ಥೆಗಳನ್ನು ಒಂದುಗೂಡಿಸಿ ಕ್ಯಾವೆನ್‌ಹ್ಯಾಮ್ ಫುಡ್ಸ್ ಎಂಬ ಕಂಪನಿಯನ್ನು ಕಟ್ಟಿದನು. ಕ್ಯಾವೆನ್‌ಹ್ಯಾಮ್ ಎಂಬುದು ತಾತನ ಕಾಲದಲ್ಲಿ ಕುಟುಂಬಕ್ಕೆ ಸೇರಿದ್ದ ಬಂಗಲೆಯ ಹೆಸರು. ಕಳೆದುಹೋದ ಆಸ್ತಿಯ ನೆನಪು. 1971ರಲ್ಲಿ ಈ ಕಂಪನಿಯು ಬೋವ್ರಿಲ್ ಎಂಬ, ಗೋಮಾಂಸದ ಸಾರವನ್ನು ತಯಾರಿಸಿ ಮಾರುತ್ತಿದ್ದ ಹಳೆಯ ಸಂಸ್ಥೆಯನ್ನು 1 ಕೋಟಿ 45 ಲಕ್ಷ ಪೌಂಡಿಗೆ ಕೊಂಡಿತು. ಕೊಂಡವನ ಕಣ್ಣು ಸಾರದ ಮೇಲಷ್ಟೇ ಇರಲಿಲ್ಲ. ಆ ಸಂಸ್ಥೆಗೆ ಹಾಲಿನ ಡೈರಿಗಳೂ ಅರ್ಜೆಂಟೀನಾದಲ್ಲಿ ವಿಸ್ತಾರವಾದ ಜಾನುವಾರು ಜಮೀನುಗಳೂ ಇದ್ದವು. ಅವುಗಳನ್ನು ಮಾರಿ ಕೊಟ್ಟ ಹಣದ ಬಹುಭಾಗವನ್ನು ಆತನು ಮರಳಿ ಪಡೆದನು. 1972ರಲ್ಲಿ ಅಲೈಡ್ ಸಪ್ಲೈಯರ್ಸ್ ಎಂಬ ದಿನಸಿ ಅಂಗಡಿಗಳ ಬಳಗವನ್ನೂ, 1973ರಲ್ಲಿ ಅಮೆರಿಕದ ಗ್ರ್ಯಾಂಡ್ ಯೂನಿಯನ್ ಎಂಬ ಅಂಗಡಿಗಳ ಬಳಗವನ್ನೂ ವಶಪಡಿಸಿಕೊಂಡನು. 1976ರಲ್ಲಿ ಬ್ರಿಟಿಷ್ ಸರ್ಕಾರವು ಸರ್ ಪದವಿಯನ್ನು ನೀಡಿತು.

ಈ ಬಗೆಯ ವ್ಯವಹಾರದ ಮರ್ಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಂದೂರಿನಲ್ಲಿ ನೂರು ಪಾಲುಗಳ ಅಕ್ಕಿಗಿರಣಿಯೊಂದು ಇದೆಯೆಂದು ಭಾವಿಸಬಹುದು. ಪೇಟೆಯಲ್ಲಿ ಒಂದು ಪಾಲಿಗೆ 1,000 ರೂಪಾಯಿ ಬೆಲೆ. ಎಂದರೆ ಇಡೀ ಗಿರಣಿಯ ಬೆಲೆ 1 ಲಕ್ಷ. ಆದರೆ ಗಿರಣಿಯ ನಿವೇಶನ, ಯಂತ್ರ, ಉಗ್ರಾಣಗಳನ್ನು ಬೇರೆಬೇರೆಯಾಗಿ ಮಾರಿದರೆ 1,50,000 ರೂಪಾಯಿ ದೊರೆಯುವಂತಿದೆ. ಹೊರಗಿನವನೊಬ್ಬನು ಸಾಲ ಮಾಡಿ, ಪಾಲಿಗೆ 1,200ರಂತೆ ಕೊಟ್ಟು, 1,20,000ಕ್ಕೆ ಗಿರಣಿಯನ್ನು ಕೊಳ್ಳುತ್ತಾನೆ. ಬಿಡಿಬಿಡಿಯಾಗಿ ಮಾರಿ, ಸಾಲ ತೀರಿಸಿ, 10,000 ಬಡ್ಡಿ ಕೊಟ್ಟರೂ ಆತನಿಗೆ 20,000 ಉಳಿಯುತ್ತದೆ. ಪಾಲುದಾರರಿಗೂ ಲಾಭ, ಸಾಲ ಕೊಟ್ಟವನಿಗೂ ಲಾಭ. ಗಿರಣಿಯ ಕೂಲಿಯವರು, ಭತ್ತ ತರುತ್ತಿದ್ದ ರೈತರು, ಗಾಡಿ ಹೊಡೆಯುವವರು ಮಾತ್ರ ಈ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನೊಂದು ವಿಧಾನವೂ ಉಂಟು. ಆತನು ಗಿರಣಿಯನ್ನು ಪೂರ್ತಿ ಕೊಳ್ಳದೆ ಹತ್ತು ಪಾಲುಗಳನ್ನು ಮಾತ್ರ ಕೊಂಡು, ಉಳಿದದ್ದನ್ನೂ ಕೊಳ್ಳುವೆನೆಂದು ಹೆದರಿಸುತ್ತಾನೆ. ತಮ್ಮ ಅಧಿಕಾರ ಹೋದೀತೆಂಬ ಭಯದಿಂದ ಗಿರಣಿಯ ಆಡಳಿತದವರು ಗಿರಣಿಯ ಹೆಸರಿನಲ್ಲಿಯೇ ಸಾಲ ಮಾಡಿ, ಆ ಹತ್ತು ಪಾಲುಗಳನ್ನು ಹೆಚ್ಚಿನ ಬೆಲೆಗೆ ಹಿಂದಕ್ಕೆ ಕೊಳ್ಳುತ್ತಾರೆ. ಬಂದವನು ಲಾಭದೊಡನೆ ಹೊರಟುಹೋಗುತ್ತಾನೆ. ಸಾಲವು ಗಿರಣಿಯ ಹೆಗಲ ಮೇಲೆ ಉಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ ಗ್ರೀನ್‌ಮೇಲ್ ಎಂಬ ಹೆಸರು ಬಂತು. ಅಲ್ಲಿಯ ನೋಟಿನ ಹಸುರು ಬಣ್ಣವನ್ನು ಬೆದರಿಸಿ ಹಣ ಕೀಳುವ ಬ್ಲ್ಯಾಕ್‌ಮೇಲ್ ಎಂಬ ಮಾತಿಗೆ ಸೇರಿಸಿ ಮಾಡಿದ ಹೆಸರದು.

1980ರ ದಶಕದಲ್ಲಿ ಗೋಲ್ಡ್‌ಸ್ಮಿತ್ ಈ ಎರಡು ವಿಧಾನಗಳನ್ನೂ ಅಮೆರಿಕದಲ್ಲಿ ಪ್ರಯೋಗಿಸಿದನು. 1982ರಲ್ಲಿ ಬೆಂಕಿಪೆಟ್ಟಿಗೆಗೆ ಹೆಸರಾಗಿದ್ದ ಡೈಮಂಡ್ ಇಂಟರ್‌ನ್ಯಾಷನಲ್ ಕಂಪನಿಯನ್ನು ಕೊಂಡು, ಅದರ ವಿಭಾಗಗಳನ್ನು ಒಂದೊಂದಾಗಿ ಮಾರಿ, ಕಾಡುಗಳನ್ನು ತನ್ನಲ್ಲಿ ಉಳಿಸಿಕೊಂಡನು. 1984ರಲ್ಲಿ ಸೇಂಟ್ ರೀಜಿಸ್ ಎಂಬ ಕಾಗದದ ಕಂಪನಿಯ ಷೇರುಗಳನ್ನು ಕೊಂಡು, ಅದೇ ಕಂಪನಿಗೆ ಹಿಂದಕ್ಕೆ ಮಾರಿ, ಸುಮಾರು 5 ಕೋಟಿ ಡಾಲರು ಲಾಭ ಪಡೆದನು. 1985ರಲ್ಲಿ ಕ್ರೌನ್ ಜೆಲ್ಲರ್‌ಬ್ಯಾಕ್ ಎಂಬ ಮರ ಮತ್ತು ಕಾಗದದ ದೊಡ್ಡ ಕಂಪನಿಯ ಸರದಿ. ದಾಳಿಕಾರರು ಕಂಪನಿಯನ್ನು ತಮ್ಮದರಲ್ಲಿ ವಿಲೀನ ಮಾಡಿಕೊಂಡರೆ ಅವರಿಗೆ ಅಪಾರ ನಷ್ಟವಾಗುವಂತೆ ಆ ಕಂಪನಿಯು ಒಂದು ನಿಯಮವನ್ನು ಮಾಡಿಟ್ಟುಕೊಂಡಿತ್ತು. ಇಂತಹ ನಿಯಮವನ್ನು ವಿಷಗುಳಿಗೆ ಎಂದು ಕರೆಯುತ್ತಾರೆ. ಗೋಲ್ಡ್‌ಸ್ಮಿತ್ ವಿಲೀನದ ಮಾತನ್ನೇ ಎತ್ತದೆ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಪೇಟೆಯಲ್ಲಿ ಕೊಂಡುಬಿಟ್ಟನು. ಗುಳಿಗೆಯು ನಿಷ್ಫಲವಾಯಿತು. ಮರುವರ್ಷ ಕಾಗದದ ಕಾರ್ಖಾನೆಗಳನ್ನು ಬೇರೊಂದು ಕಂಪನಿ ಪಡೆಯಿತು. ಲಕ್ಷಾಂತರ ಎಕರೆಗಳ ಕಾಡು ಗೋಲ್ಡ್‌ಸ್ಮಿತ್‌ನಿಗೆ ಉಳಿಯಿತು.

ಆಕ್ರನ್ ನಗರದ ಪ್ರಶ್ನೆ

1986ರ ಶರತ್ಕಾಲದಲ್ಲಿ ಆತನ ದೃಷ್ಟಿಯು ಗುಡ್‌ಇಯರ್ ಟಯರ್ ಕಂಪನಿಯ ಮೇಲೆ ಬಿತ್ತು. 1898ರಲ್ಲಿ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಜಗತ್ತಿನಾದ್ಯಂತ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಆ ನಗರದ ಬದುಕೇ ರಬ್ಬರಿನ ಸುತ್ತ ಬೆಳೆದದ್ದು. ಅಜ್ಜ, ತಂದೆ, ಮಗ ಎಂದು ಮೂರು ತಲೆಮಾರುಗಳು ಅದೇ ಕಾರ್ಖಾನೆಯ ಬಾಗಿಲಲ್ಲಿ ಹೊಕ್ಕು ಹೊರಟ ಮನೆಗಳು ಅಲ್ಲಿದ್ದವು. ಗೋಲ್ಡ್‌ಸ್ಮಿತ್ ಮತ್ತು ಆತನ ಸಂಗಡಿಗರು ಕಂಪನಿಯ ಸುಮಾರು ಶೇಕಡ 11ರಷ್ಟು ಷೇರುಗಳನ್ನು ಕೊಂಡಿದ್ದಾರೆಂಬ ಸುದ್ದಿ ಬಂದಾಗ ಊರಿಗೆ ಊರೇ ತಲ್ಲಣಿಸಿತು. ಕಾರ್ಮಿಕರೂ ಆಡಳಿತದವರೂ ಒಟ್ಟಾಗಿ ಪ್ರತಿಭಟಿಸಿದರು.

ನವೆಂಬರ್ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿಯೊಂದು ಗೋಲ್ಡ್‌ಸ್ಮಿತ್‌ನನ್ನು ವಿಚಾರಣೆಗೆ ಕರೆಯಿತು. ಆ ಸಭೆಯಲ್ಲಿ ಆಕ್ರನ್ ಕ್ಷೇತ್ರದ ಪ್ರತಿನಿಧಿ ಜಾನ್ ಸೈಬರ್ಲಿಂಗ್ ಇದ್ದನು. ಗುಡ್‌ಇಯರ್ ಸಂಸ್ಥೆಯನ್ನು ಸ್ಥಾಪಿಸಿದ ಫ್ರಾಂಕ್ ಸೈಬರ್ಲಿಂಗನ ಮೊಮ್ಮಗನೀತ. ಇಷ್ಟು ಜನರ ಬಾಳನ್ನು ಕಟ್ಟಿದ ಸಂಸ್ಥೆಯ ಮೇಲೆ ಕೈಯಿಡಲು ನೀನು ಯಾರೆಂಬ ಅರ್ಥದಲ್ಲಿ ಆತನು ಕಟುವಾಗಿಯೇ ಪ್ರಶ್ನಿಸಿದನು.

ಗೋಲ್ಡ್‌ಸ್ಮಿತ್‌ನ ವಾದವನ್ನೂ ಕೇಳಬೇಕಾದದ್ದು ನ್ಯಾಯ. ಅದರ ತಾತ್ಪರ್ಯವಿಷ್ಟು: ದೊಡ್ಡ ಕಂಪನಿಗಳ ಅಧಿಕಾರಿಗಳು ತಮ್ಮದಲ್ಲದ ಹಣದಿಂದ ತಮಗೆ ತಿಳಿಯದ ಉದ್ಯಮಗಳನ್ನೆಲ್ಲ ಕೂಡಿಹಾಕುತ್ತಾರೆ, ಸಂಸ್ಥೆಯು ಕೊಬ್ಬಿ ಮಂದವಾಗುತ್ತದೆ, ಹೊರಗಿನಿಂದ ಬಂದವನು ಅದನ್ನು ಬಿಡಿಸಿ, ಪ್ರತಿಯೊಂದು ಭಾಗವನ್ನೂ ಬಲ್ಲವರ ಕೈಗೆ ಒಪ್ಪಿಸಿದರೆ ದೇಶಕ್ಕೆ ಹಿತ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಟಯರ್ ತಯಾರಿಸುವ ಗುಡ್‌ಇಯರ್ 1983ರಲ್ಲಿ ಸೆಲೆರಾನ್ ಎಂಬ ಎಣ್ಣೆ ಮತ್ತು ಅನಿಲದ ಕಂಪನಿಯನ್ನು ಕೊಂಡಿತ್ತು. ಕ್ಯಾಲಿಫೋರ್ನಿಯದಿಂದ ಟೆಕ್ಸಾಸಿನವರೆಗೆ ಎಣ್ಣೆಯ ಕೊಳವೆ ಹಾಕುವ ಭಾರೀ ಸಾಹಸಕ್ಕೂ ಕೈಹಾಕಿತ್ತು. ದಾಳಿಗೆ ದಾರಿ ಮಾಡಿಕೊಟ್ಟ ದೌರ್ಬಲ್ಯಗಳಲ್ಲಿ ಇದೂ ಒಂದು. ಅತಿಯಾಗಿ ತುಂಬಿದ ಮನೆಗೆ ಕನ್ನ ಹಾಕುವ ಆಸೆ ಹುಟ್ಟುವುದು ಸಹಜ. ಹೀಗಾಗಿ ಮಿತಿಯಿಲ್ಲದ ಇಚ್ಛೆಯು ದಾಳಿ ಮಾಡಿದವನಲ್ಲಿ ಮಾತ್ರವಿತ್ತೆಂದು ಹೇಳಿದರೆ ಅರ್ಧ ಸತ್ಯವಷ್ಟೇ ಆಗುತ್ತದೆ.

ಆದರೆ ಬೆಲೆ ತೆತ್ತವರು ಯಾರು? ವಿಚಾರಣೆ ನಡೆದ ಕೆಲವೇ ದಿನಗಳಲ್ಲಿ ಒಪ್ಪಂದವಾಯಿತು. ಗುಡ್‌ಇಯರ್ ಕಂಪನಿಯು ಗೋಲ್ಡ್‌ಸ್ಮಿತ್ ಬಳಗದ ಷೇರುಗಳನ್ನು ಒಂದಕ್ಕೆ 49 ಡಾಲರು 50 ಸೆಂಟಿನಂತೆ, ಒಟ್ಟು ಸುಮಾರು 62 ಕೋಟಿ ಡಾಲರು ಕೊಟ್ಟು ಹಿಂದಕ್ಕೆ ಪಡೆಯಿತು. ಆ ಬಳಗಕ್ಕೆ ದೊರೆತ ಲಾಭ ಸುಮಾರು 9 ಕೋಟಿ 30 ಲಕ್ಷ ಡಾಲರು. ಉಳಿದ ಷೇರುದಾರರಿಂದಲೂ 4 ಕೋಟಿ ಷೇರುಗಳನ್ನು 50 ಡಾಲರಿನಂತೆ ಕೊಳ್ಳುವುದಾಗಿ ಕಂಪನಿಯು ಪ್ರಕಟಿಸಿತು. ಇದೆಲ್ಲಕ್ಕೂ ಹೊತ್ತುಕೊಂಡ ಸಾಲ ಸುಮಾರು 260 ಕೋಟಿ ಡಾಲರು. ಸಾಲದ ಭಾರವನ್ನು ಇಳಿಸಲು 1987ರಲ್ಲಿ ತನ್ನ ವಿಮಾನ-ಆಕಾಶಯಾನ ವಿಭಾಗವನ್ನು ಲೋರಲ್ ಎಂಬ ಕಂಪನಿಗೆ ಮಾರಿತು. ಎಣ್ಣೆಯ ನಿಕ್ಷೇಪಗಳನ್ನೂ ಮಾರಿತು. ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್‌ನಲ್ಲಿ, ಕೆನಡಾದ ಟೊರಾಂಟೊದಲ್ಲಿ ಟಯರ್ ಕಾರ್ಖಾನೆಗಳು ಮುಚ್ಚಿದವು. ಆಡಳಿತದವರು ತಮ್ಮ ಸಂಸ್ಥೆಯನ್ನು ಉಳಿಸಿಕೊಂಡರು; ಬಂದವನು ಲಾಭವನ್ನು ಒಯ್ದನು. ಇಬ್ಬರ ನಡುವಣ ಒಪ್ಪಂದದಲ್ಲಿ ಸಹಿ ಹಾಕದಿದ್ದವರು ಕೆಲಸವನ್ನು ಕಳೆದುಕೊಂಡರು.

ನಿಂತದ್ದು ಮತ್ತು ನಿಲ್ಲದಿದ್ದದ್ದು

1987ರಲ್ಲಿ ಗೋಲ್ಡ್‌ಸ್ಮಿತ್ ಮಾಡಿದ ಕೆಲಸವು ಜಗತ್ತನ್ನು ಬೆರಗುಗೊಳಿಸಿತು. ಷೇರುಗಳ ಬೆಲೆ ವಿವೇಕವನ್ನು ಮೀರಿ ಏರಿದೆಯೆಂದು ಬಗೆದು, ಪೇಟೆಯು ಉತ್ಸಾಹದ ತುದಿಯಲ್ಲಿದ್ದಾಗಲೇ ತನ್ನ ಷೇರುಗಳನ್ನೂ ಫ್ರಾನ್ಸಿನಲ್ಲಿದ್ದ ಮುಖ್ಯ ಕಂಪನಿಯನ್ನೂ ಮಾರಿ ಹಣ ಮಾಡಿಕೊಂಡನು. ಆ ವರ್ಷದ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಡೌ ಜೋನ್ಸ್ ಸೂಚ್ಯಂಕವು ಒಂದೇ ದಿನದಲ್ಲಿ 508 ಅಂಶ, ಎಂದರೆ ಶೇಕಡ 22.6ರಷ್ಟು ಬಿದ್ದಿತು. ಎಷ್ಟೋ ಧನಿಕರು ಒಂದು ಹಗಲಿನಲ್ಲಿ ಬರಿಗೈಯಾದರು. ಗೋಲ್ಡ್‌ಸ್ಮಿತ್‌ನಿಗೆ ಕೂದಲೂ ಕೊಂಕಲಿಲ್ಲ. ಮುಂದಿನ ತಿಂಗಳು ಅಮೆರಿಕದ ಟೈಮ್ ವಾರಪತ್ರಿಕೆಯು ಅದೃಷ್ಟಶಾಲಿ ಜೂಜುಗಾರನೆಂದು ಆತನ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿತು.

ಇಲ್ಲಿ ಮಿತಿಯನ್ನು ತಿಳಿದ ಮನುಷ್ಯನೊಬ್ಬನು ಕಾಣಿಸಿಕೊಂಡನೆಂದು ಭ್ರಮಿಸುವುದು ಸುಲಭ. ಆದರೆ ಎರಡು ವರ್ಷ ಕಳೆಯುವುದರೊಳಗೆ, 1989ರ ಜುಲೈಯಲ್ಲಿ, ಇಬ್ಬರು ಸಂಗಡಿಗರೊಡನೆ ಬ್ಯಾಟ್ ಎಂಬ ಬ್ರಿಟಿಷ್ ಕಂಪನಿಯನ್ನು ಸುಮಾರು 1,300 ಕೋಟಿ ಪೌಂಡಿಗೆ ಕೊಳ್ಳುವ ಪ್ರಸ್ತಾಪವನ್ನು ಮುಂದಿಟ್ಟನು. ತಂಬಾಕು, ವಿಮೆ, ಅಂಗಡಿಗಳು, ಕಾಗದ ಎಲ್ಲವನ್ನೂ ಒಳಗೊಂಡಿದ್ದ ಆ ಕಂಪನಿಯೇ ಭಾರತದ ಐ.ಟಿ.ಸಿ. ಸಂಸ್ಥೆಯಲ್ಲಿ ದೊಡ್ಡ ಪಾಲನ್ನು ಹೊಂದಿದ್ದುದು. ಅಮೆರಿಕದ ವಿಮಾ ನಿಯಂತ್ರಕರ ಅಡ್ಡಿಯಿಂದ 1990ರಲ್ಲಿ ಈ ಪ್ರಯತ್ನವನ್ನು ಕೈಬಿಡಬೇಕಾಯಿತು. ಅದೇ ವರ್ಷ ತನ್ನ ಅಮೆರಿಕದ ಕಾಡುಗಳನ್ನು ಹ್ಯಾನ್ಸನ್ ಎಂಬ ಕಂಪನಿಗೆ ಕೊಟ್ಟು, ನ್ಯೂಮಾಂಟ್ ಎಂಬ ಚಿನ್ನದ ಗಣಿ ಕಂಪನಿಯ ಷೇರುಗಳನ್ನು ಬದಲಿಗೆ ಪಡೆದನು. ಮರವು ಚಿನ್ನವಾಯಿತು. ಬಳಿಕ ವ್ಯಾಪಾರದಿಂದ ನಿವೃತ್ತನಾದುದಾಗಿ ಪ್ರಕಟಿಸಿದನು.

ನಿವೃತ್ತನಾದವನ ಬಾಳಿನಲ್ಲಿ ಒಳ್ಳೆಯ ಕೆಲಸಗಳೂ ನಡೆದವು. ಮೆಕ್ಸಿಕೊ ದೇಶದ ಪೆಸಿಫಿಕ್ ಕರಾವಳಿಯಲ್ಲಿರುವ ಕ್ವಿಶ್‌ಮಾಲಾ ಎಂಬಲ್ಲಿ ಆತನು ಭವ್ಯವಾದ ಬಂಗಲೆಯೊಡನೆ ದೊಡ್ಡ ಎಸ್ಟೇಟನ್ನು ಮಾಡಿಕೊಂಡಿದ್ದನು. ಅಲ್ಲಿಯ ಕಾಡನ್ನೂ ಕಡಲಾಮೆಗಳನ್ನೂ ರಕ್ಷಿಸುವ ಕಾರ್ಯಕ್ಕೆ ನೆರವಾದನು. 1993ರ ಡಿಸೆಂಬರಿನಲ್ಲಿ ಮೆಕ್ಸಿಕೊ ಸರ್ಕಾರವು ಆ ಪ್ರದೇಶದ ಸುಮಾರು 13,000 ಹೆಕ್ಟೇರುಗಳನ್ನು ಚಮೇಲ-ಕ್ವಿಶ್‌ಮಾಲಾ ಜೀವಗೋಳ ರಕ್ಷಿತವಲಯವೆಂದು ಘೋಷಿಸಿತು. ಅಣ್ಣ ಎಡ್ವರ್ಡ್ 1970ರಲ್ಲಿಯೇ ಪರಿಸರದ ವಿಷಯಕ್ಕೆ ಮೀಸಲಾದ ಇಕಾಲಜಿಸ್ಟ್ ಎಂಬ ಪತ್ರಿಕೆಯನ್ನು ಆರಂಭಿಸಿದವನು. ಅಣ್ಣನ ವಿಚಾರಗಳು ತಡವಾಗಿ ತಮ್ಮನನ್ನೂ ಮುಟ್ಟಿದವು. 1993ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ, ಬಲೆ ಎಂಬ ಅರ್ಥದ ಹೆಸರಿನ ತನ್ನ ಗ್ರಂಥದಲ್ಲಿ, ಗಡಿಯಿಲ್ಲದ ಜಾಗತಿಕ ವ್ಯಾಪಾರವು ಹಳ್ಳಿಗಳನ್ನೂ ರೈತರನ್ನೂ ಕುಟುಂಬಗಳನ್ನೂ ಬೇರುಸಹಿತ ಕೀಳುತ್ತದೆಂದು ಗೋಲ್ಡ್‌ಸ್ಮಿತ್ ವಾದಿಸಿದನು. ಅರ್ಥವ್ಯವಸ್ಥೆಯು ಸಮಾಜದ ಸೇವಕನಾಗಿರಬೇಕೇ ಹೊರತು ಒಡೆಯನಾಗಬಾರದೆಂಬುದು ಆ ಗ್ರಂಥದ ಸಾರ. ಏಳು ವರ್ಷಗಳ ಹಿಂದೆ ಆಕ್ರನ್ ನಗರದ ಕಾರ್ಮಿಕರು ಹೇಳಿದ್ದೂ ಬಹುಮಟ್ಟಿಗೆ ಇದನ್ನೇ.

ಆದರೂ ವಿಶ್ರಾಂತಿ ಬರಲಿಲ್ಲ. 1994ರಲ್ಲಿ ಫ್ರಾನ್ಸಿನಿಂದ ಐರೋಪ್ಯ ಪಾರ್ಲಿಮೆಂಟಿಗೆ ಆಯ್ಕೆಯಾದನು. ಐರೋಪ್ಯ ಒಕ್ಕೂಟದೊಡನೆ ಬ್ರಿಟನ್ನಿನ ಸಂಬಂಧ ಹೇಗಿರಬೇಕೆಂಬುದನ್ನು ಜನಮತದಿಂದ ನಿರ್ಧರಿಸಬೇಕೆಂದು ಹೊಸ ಪಕ್ಷವನ್ನೇ ಕಟ್ಟಿ, 1997ರ ಮೇ 1ರ ಚುನಾವಣೆಯಲ್ಲಿ 547 ಅಭ್ಯರ್ಥಿಗಳನ್ನು ನಿಲ್ಲಿಸಿದನು. ತನ್ನ ಸಂದೇಶದ ವಿಡಿಯೊ ಕ್ಯಾಸೆಟ್ಟುಗಳನ್ನು ಲಕ್ಷಾಂತರ ಮನೆಗಳಿಗೆ ಕಳುಹಿಸಿದನು. ಪಕ್ಷಕ್ಕೆ ಸುಮಾರು 8 ಲಕ್ಷ 10 ಸಾವಿರ ಮತಗಳು ಬಂದರೂ ಒಂದು ಸ್ಥಾನವೂ ದೊರೆಯಲಿಲ್ಲ. ಪಟ್ನಿ ಕ್ಷೇತ್ರದಲ್ಲಿ ನಿಂತಿದ್ದ ಗೋಲ್ಡ್‌ಸ್ಮಿತ್‌ನಿಗೆ ಸಿಕ್ಕಿದ್ದು 1,518 ಮತ, ಠೇವಣಿಯೂ ಹೋಯಿತು. ಆತನು ಕೇಳಿದ್ದ ಜನಮತವು ನಡೆದದ್ದು 2016ರಲ್ಲಿ, ಆತನ ಕಾಲಾನಂತರ.

ಆ ಚುನಾವಣೆಯ ಹೊತ್ತಿಗಾಗಲೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ದೇಹವನ್ನು ತಿನ್ನುತ್ತಿತ್ತು. 1997ರ ಜುಲೈಯಲ್ಲಿ ಸ್ಪೇನ್ ದೇಶದಲ್ಲಿ, 64ರ ವಯಸ್ಸಿನಲ್ಲಿ, ಆತನು ನಿಧನನಾದನು. ಮೂರು ವಿವಾಹಗಳು, ಬೇರೆಬೇರೆ ನಗರಗಳಲ್ಲಿ ಬೇರೆಬೇರೆ ಸಂಸಾರಗಳು, ಎಂಟು ಮಂದಿ ಮಕ್ಕಳು. ಅವರಲ್ಲಿ ಜೆಮೈಮಾ ಎಂಬ ಮಗಳನ್ನು 1995ರಲ್ಲಿ ಪಾಕಿಸ್ತಾನದ ಕ್ರಿಕೆಟ್ ನಾಯಕನಾಗಿದ್ದ ಇಮ್ರಾನ್ ಖಾನ್ ವಿವಾಹವಾಗಿದ್ದನು. ಮನೆಗಳಿಗೂ ಮಿತಿಯಿಲ್ಲದ ಬಾಳಿಗೆ ಕೊನೆಗೆ ಮಿತಿಯನ್ನು ಹಾಕಿದ್ದು ಆಯುಷ್ಯ.

ವಿವೇಚನೆ

ಪರಿಮಿತ ಪರಿಗ್ರಹ ವ್ರತಕ್ಕೆ ಸಮಂತಭದ್ರಾಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಇವೆಲ್ಲವೂ ಪೇಟೆ ಬೀದಿಯಲ್ಲಿ ನಿತ್ಯವೂ ಕಾಣುವ ದೋಷಗಳೆಂಬುದು ಗಮನಾರ್ಹ. ಎತ್ತುಗಳನ್ನು ಶಕ್ತಿಮೀರಿ ದೂರ ನಡೆಸುವುದು ಅತಿವಾಹನ. ಹೆಚ್ಚಿನ ಲಾಭದ ಆಸೆಯಿಂದ ಧಾನ್ಯವೇ ಮೊದಲಾದುವನ್ನು ಕೂಡಿಡುವುದು ಅತಿಸಂಗ್ರಹ. ಮಾರಿದ ಮೇಲೆ ಬೆಲೆ ಏರಿದ್ದನ್ನು ಕಂಡು ಕೊರಗುವುದು ವಿಸ್ಮಯ. ತಕ್ಕ ಲಾಭ ಬಂದರೂ ಇನ್ನೂ ಬೇಕೆನ್ನುವುದು ಲೋಭ. ತಾಳಲಾರದಷ್ಟು ಹೊರೆಯನ್ನು ಹೇರುವುದು ಅತಿಭಾರವಾಹನ.

ಈ ಅಳತೆಗೋಲಿನಿಂದ ನೋಡಿದರೆ ಗುಡ್‌ಇಯರ್ ಪ್ರಸಂಗವು ಸ್ಪಷ್ಟವಾಗುತ್ತದೆ. ಟಯರಿನವನು ಎಣ್ಣೆಯನ್ನೂ ಕೂಡಿಹಾಕಿದ್ದು ಅತಿಸಂಗ್ರಹ. 5 ಕೋಟಿ ಡಾಲರಿನ ಲಾಭವು 9 ಕೋಟಿಗೆ ದಾರಿಯಾದದ್ದು ಲೋಭ. 260 ಕೋಟಿ ಡಾಲರಿನ ಸಾಲವನ್ನು ಕಂಪನಿಯ ಮೇಲೆ ಹೇರಿದ್ದು ಅತಿಭಾರವಾಹನ. ಇಲ್ಲಿ ಹೊರೆ ಹೊತ್ತದ್ದು ಎತ್ತಲ್ಲ, ಕಂಬರ್ಲೆಂಡಿನ ದುಡಿಮೆಗಾರ. ಪರಿಗ್ರಹದ ಭಾರವು ಪರಿಗ್ರಹಿಯ ಬೆನ್ನಿನ ಮೇಲೆಯೇ ಬೀಳುತ್ತದೆಂಬ ನಿಯಮವಿಲ್ಲ. ಅನೇಕ ವೇಳೆ ಅದು ಬೇರೆಯವರ ಬೆನ್ನಿನ ಮೇಲೆ ಬೀಳುತ್ತದೆ. ಪರಿಗ್ರಹಪರಿಮಾಣವು ಅಹಿಂಸೆಯ ಬೇಲಿಯೂ ಆಗುವುದು ಈ ಕಾರಣದಿಂದ.

ವಿಸ್ಮಯವೆಂಬ ದೋಷವು ಮಾತ್ರ 1987ರ ಗೋಲ್ಡ್‌ಸ್ಮಿತ್‌ನಲ್ಲಿ ಕಾಣುವುದಿಲ್ಲ. ಬೆಲೆ ಏರುತ್ತಿರುವಾಗಲೇ ಕೈ ಹಿಂದೆಗೆಯುವ ಸ್ಥೈರ್ಯ ಆತನಿಗಿತ್ತು. ಆದರೆ ಆ ನಿಲುಗಡೆಗೂ ವ್ರತಕ್ಕೂ ಇರುವ ಅಂತರವು ದೊಡ್ಡದು. ಆತನು ನಿಂತದ್ದು ಬೆಲೆಯನ್ನು ನೋಡಿ. ವ್ರತಿಯು ನಿಲ್ಲುವುದು ತನ್ನನ್ನು ನೋಡಿ. ಬೆಲೆಯನ್ನು ನೋಡಿ ನಿಂತವನು ಬೆಲೆ ಇಳಿದೊಡನೆ ಮತ್ತೆ ಹೊರಡುತ್ತಾನೆ. ಹಸಿವಿಲ್ಲದವನು ಉಣ್ಣದಿರುವುದು ಉಪವಾಸವಲ್ಲವಷ್ಟೆ. ಇಷ್ಟು ಸಾಕೆಂಬ ಮಾತನ್ನು ಗಳಿಸುವ ಮುಂಚೆ ಆಡಿದರೆ ಅದು ವ್ರತ. ಗಳಿಸಿ ದಣಿದ ಮೇಲೆ ಆಡಿದರೆ ಅದು ಆಯಾಸ.

ಗೃಹಸ್ಥನು ಗಳಿಸಬಾರದೆಂದು ಶಾಸ್ತ್ರವು ಹೇಳುವುದಿಲ್ಲ. ಎಷ್ಟೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಗೊತ್ತುಮಾಡಿಕೊಂಡದ್ದನ್ನು ಮೀರಬಾರದು, ಮೀರಿ ಬಂದದ್ದು ದಾನಕ್ಕೆ ಸಲ್ಲಬೇಕು. ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಮನೆಮಂದಿಯೆಲ್ಲ ಕುಳಿತು, ಹೊಲ, ಮನೆ, ಒಡವೆ, ನಗದು, ವ್ಯಾಪಾರಗಳ ಎಲ್ಲೆಯನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಮರುವರ್ಷ ಆ ಹಾಳೆಯನ್ನು ತೆಗೆದು ಓದುವುದು ಸ್ವಲ್ಪ ಕಷ್ಟ. ಆ ಕಷ್ಟವೇ ವ್ರತದ ಆರಂಭ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಲಾಭಕ್ಕಾಗಿ ನಿಲ್ಲುವುದಕ್ಕೂ ವ್ರತಕ್ಕಾಗಿ ನಿಲ್ಲುವುದಕ್ಕೂ ಇರುವ ಭೇದವನ್ನು 1987 ಮತ್ತು 1989ರ ಘಟನೆಗಳಿಂದ ವಿವರಿಸಿರಿ.

2. ಅಕ್ಕಿಗಿರಣಿಯ ದೃಷ್ಟಾಂತದಲ್ಲಿ ಲೆಕ್ಕಕ್ಕೆ ಬಾರದವರು ಯಾರು? ಮನೆಯ ವ್ಯವಹಾರದಲ್ಲಿ ಹಾಗೆ ಲೆಕ್ಕಕ್ಕೆ ಬಾರದೆ ಉಳಿದವರು ಯಾರಾದರೂ ಇರುವರೇ?

3. ಗುಡ್‌ಇಯರ್ ಸಂಸ್ಥೆಯ ಆಡಳಿತದವರಲ್ಲಿ ಕಂಡುಬಂದ ಅತಿಚಾರವು ಯಾವುದು? ಅದರಿಂದ ದಾಳಿಗೆ ದಾರಿಯಾದ ಬಗೆ ಹೇಗೆ?

4. ಗೋಲ್ಡ್‌ಸ್ಮಿತ್ ತನ್ನ ಗ್ರಂಥದಲ್ಲಿ ಬರೆದ ವಿಚಾರಗಳನ್ನು ಇಪ್ಪತ್ತು ವರ್ಷ ಮುಂಚೆ ಆಚರಿಸಿದ್ದರೆ ಯಾರಿಗೆ ಯಾವ ಕಷ್ಟ ತಪ್ಪುತ್ತಿತ್ತು?